ಆರು ರೂಪಾಯಿಯ ಬೋಟು ತನ್ನ ಖರ್ಚು ತಾನೇ ದುಡಿದೀತೇ? ಕೊಚ್ಚಿ, ವೈಕಂ ಬೋಟುಗಳ ಬಳಕೆ ವಿಮರ್ಶೆ

ಎರ್ನಾಕುಳಂ ಜೆಟ್ಟಿಯಿಂದ ಫೋರ್ಟ್ ಕೊಚ್ಚಿಗೆ ಕೇರಳ ರಾಜ್ಯ ಜಲಸಾರಿಗೆ ಇಲಾಖೆಯ ಬೋಟಿನಲ್ಲಿ ಟಿಕೆಟ್ಟು 6 ರೂಪಾಯಿ. ಪಕ್ಕದ ಹೈಕೋರ್ಟ್ ಟರ್ಮಿನಲ್‌ನಿಂದ ವಾಟರ್ ಮೆಟ್ರೋ ಹತ್ತಿದರೆ ಅದೇ ಫೋರ್ಟ್ ಕೊಚ್ಚಿಗೆ 40. ನೀರು ಒಂದೇ, ದಡ ಒಂದೇ. ಪ್ರವಾಸಕ್ಕೆ ಒಮ್ಮೆ ಹೋಗಿ ಬರುವವರು ಯಾವುದನ್ನು ಹತ್ತಿದರೂ ನಡೆದೀತು. ದಿನವೂ ಓಡಾಡುವವರಿಗೆ ಮುಖ್ಯವಾದದ್ದು ಬೇರೆ: ಈ ಸೇವೆ ನಾಳೆಯೂ ಇರುತ್ತದೆಯೇ, ಅದರ ಖರ್ಚು ಯಾರ ಜೇಬಿನಿಂದ ಹೋಗುತ್ತಿದೆ?

ಮೊದಲು ಹಳೆಯ ಡೀಸೆಲ್ ಬೋಟು. ಐದು ಜನರ ಸಿಬ್ಬಂದಿ: ಟಿಕೆಟ್ಟು, ಲೆಕ್ಕ ನೋಡುವ ಬೋಟ್ ಮಾಸ್ಟರ್, ಚುಕ್ಕಾಣಿ ಹಿಡಿಯುವ ಸ್ರಾಂಕ್ (ನಮ್ಮ ಕರಾವಳಿಯ ತಾಂಡೇಲನ ಹಾಗೆ), ಎಂಜಿನ್ ಬಳಿಯ ಡ್ರೈವರ್, ಹಗ್ಗ ನೋಡಿಕೊಳ್ಳುವ ಇಬ್ಬರು ಲಸ್ಕರ್. ಸ್ರಾಂಕ್ ಮುಂದೆ, ಡ್ರೈವರ್ ಕೆಳಗೆ. ಇಬ್ಬರ ನಡುವೆ ಮಾತಿಲ್ಲ, ಹಗ್ಗಕ್ಕೆ ಕಟ್ಟಿದ ಗಂಟೆ ಮಾತ್ರ. ಜೆಟ್ಟಿ ಹತ್ತಿರವಾಗುತ್ತಲೇ ಗಂಟೆ ಬಾರಿಸುತ್ತದೆ, ಎಂಜಿನ್ ರಿವರ್ಸ್‌ಗೆ ಬೀಳುತ್ತದೆ, ಹಿಂದಿನಿಂದ ಕಪ್ಪು ಹೊಗೆ ಏಳುತ್ತದೆ, ಲಸ್ಕರ್ ಹಗ್ಗ ಎಸೆದು ಗೂಟಕ್ಕೆ ಸುತ್ತುತ್ತಾನೆ. ಡೀಸೆಲ್ ಜಾಸ್ತಿ ಸುಡುವುದು ಇಂಥ ಕಡೆಯೇ. ಎರಡು ಜೆಟ್ಟಿಗಳ ನಡುವೆ ಹೆಚ್ಚು ನಿಲ್ದಾಣ ಇದ್ದಷ್ಟೂ ಲೀಟರು ಲೆಕ್ಕ ಏರುತ್ತದೆ. ವೇಗವೂ ಅಷ್ಟೇ: ಬೋಟಿಗೆ ಬೇಕಾದ ಶಕ್ತಿ ಹೆಚ್ಚುಕಡಿಮೆ ವೇಗದ ಘನದಂತೆ ಏರುತ್ತದೆ. ವೇಗ ಹತ್ತು ಶೇಕಡಾ ಇಳಿಸಿದರೆ ಅದೇ ದೂರಕ್ಕೆ ಇಂಧನ ಸುಮಾರು ಹತ್ತೊಂಬತ್ತು ಶೇಕಡಾ ಉಳಿಯುತ್ತದೆ. ಐದು ನಿಮಿಷ ತಡ ಮಾಡಿದ್ದಕ್ಕೆ ಸ್ರಾಂಕನನ್ನು ಬೈಯುವ ಮುಂಚೆ ಇದು ನೆನಪಿರಲಿ.

ಈಗ ಕೇರಳದ ವೇಂಬನಾಡ್ ಹಿನ್ನೀರು ದಾಟುವ ವೈಕಂ–ತವಣಕಡವು ದಾರಿಗೆ ಬನ್ನಿ. 2017ರ ಜನವರಿಯಿಂದ ಇಲ್ಲಿ ‘ಆದಿತ್ಯ’ ಓಡುತ್ತಿದೆ. 75 ಆಸನ, ಜೋಡಿ ಒಡಲಿನ ಫೈಬರ್ ಬೋಟು, ಚಾವಣಿಯ ಮೇಲೆ 20 ಕಿಲೋವ್ಯಾಟ್ ಸೋಲಾರ್ ಹಲಗೆ, ಎರಡು ಮೋಟರು. ಒಂದು ಸಲ ದಾಟಲು ಕಾಲು ಗಂಟೆ, ದಿನಕ್ಕೆ 22 ಟ್ರಿಪ್ಪು. ಮೋಟರು ಸರಾಸರಿ 16 ಕಿಲೋವ್ಯಾಟ್ ಎಳೆಯುತ್ತದೆಂದು ಹಿಡಿದರೆ ದಿನಕ್ಕೆ 88 ಯೂನಿಟ್ ಬೇಕು. ಹಲಗೆಯ ಪ್ರತಿ ಕಿಲೋವ್ಯಾಟ್‌ಗೆ ನಾಲ್ಕು ಯೂನಿಟ್ ಸಿಕ್ಕರೆ 80 ಬಂತು. ಉಳಿದದ್ದು ಜೆಟ್ಟಿಯ ಪ್ಲಗ್ಗಿನಿಂದ. ಜೂನ್, ಜುಲೈನಲ್ಲಿ ಮೋಡ ಕವಿದಾಗ ಪ್ಲಗ್ಗಿನ ಪಾಲು ಹೆಚ್ಚುತ್ತದೆ, ಆದರೂ ಬಿಲ್ಲು ಕೆಲವು ನೂರು ರೂಪಾಯಿ ದಾಟುವುದು ಕಷ್ಟ. ಇದೇ ಕೆಲಸಕ್ಕೆ ಡೀಸೆಲ್ ಬೋಟು ದಿನಕ್ಕೆ ನೂರು ಲೀಟರ್ ಕುಡಿಯುತ್ತದೆ ಎಂದಿಟ್ಟುಕೊಳ್ಳಿ. ಲೀಟರಿಗೆ 95ರಂತೆ 9,500 ರೂಪಾಯಿ. ಎಪ್ಪತ್ತೈದೂ ಸೀಟು ತುಂಬಿ 22 ಸಲ ಓಡಿಸಿ, ತಲೆಗೆ ಆರರಂತೆ ವಸೂಲು ಮಾಡಿದರೆ ಬರುವುದು 9,900. ಬೆಳಗಿನಿಂದ ರಾತ್ರಿಯವರೆಗೆ ಬೋಟು ತುಂಬಿ ತುಳುಕಿದರೂ ಎಣ್ಣೆಗೆ ಕೊಟ್ಟು ಉಳಿಯುವುದು ನಾಲ್ಕು ನೂರು!

ಹಾಗಾದರೆ ಸೋಲಾರ್ ಬಂತು, ಲಾಭ ಶುರುವಾಯಿತು ಎನ್ನಬಹುದೇ? ಇಲ್ಲ. ಸುದ್ದಿಯಲ್ಲಿ ಯಾರೂ ಬಿಡಿಸಿ ಹೇಳದ ಭಾಗ ಸಂಬಳ. ಎರಡು ಪಾಳಿಗೆ ಹತ್ತು ಜನ, ಒಬ್ಬರಿಗೆ ದಿನಕ್ಕೆ 1,200 ಹಿಡಿದರೂ 12,000. ಬ್ಯಾಟರಿಗೆ 20 ಲಕ್ಷ ಎಂದುಕೊಂಡು ಎಂಟು ವರ್ಷಕ್ಕೆ ಹಂಚಿದರೆ ದಿನಕ್ಕೆ 685. ದಡಕ್ಕೆಳೆದು ಬಣ್ಣ, ತಳ ಉಜ್ಜುವುದು, ವಿಮೆ, ಕರೆಂಟು ಸೇರಿಸಿದರೆ ಹದಿಮೂರೂವರೆ ಸಾವಿರದ ಹತ್ತಿರ. ಇನ್ನು ಬೋಟು ಸದಾ ತುಂಬಿರುವುದಿಲ್ಲ. ಬೆಳಿಗ್ಗೆ ಒಂದು ದಡದಿಂದ ಕಿಕ್ಕಿರಿದು ಹೋಗುತ್ತದೆ, ಬರುವಾಗ ಖಾಲಿ ಬೆಂಚು. ಸಂಜೆ ಇದೇ ತಿರುಗುಮುರುಗು. ಸರಾಸರಿ ಅರ್ಧ ತುಂಬಿತೆಂದರೆ ದಿನಕ್ಕೆ 825 ಜನ, ತಲೆಗೆ ಖರ್ಚು ಹದಿನಾರು ರೂಪಾಯಿ ಚಿಲ್ಲರೆ. ಟಿಕೆಟ್ಟು ಆರು. ಮಿಕ್ಕ ಹತ್ತು ಖಜಾನೆಯದು. ಇದು ನಮ್ಮ ಅಂದಾಜಿನ ಲೆಕ್ಕ, ಇಲಾಖೆಯ ಬ್ಯಾಲೆನ್ಸ್ ಶೀಟ್ ಅಲ್ಲ. ಅಂಕಿ ಆಚೀಚೆ ಮಾಡಿ ನೋಡಿ, ಉತ್ತರದ ದಿಕ್ಕು ಬದಲಾಗದು. ಸೋಲಾರ್ ನಷ್ಟವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿತು, ಅಳಿಸಲಿಲ್ಲ. ಆಲಪ್ಪುಳದಲ್ಲಿ ‘ವೇಗ’, ‘ಸೀ ಕುಟ್ಟನಾಡ್’ ಎಂದು ಪ್ರವಾಸಿ ಬೋಟುಗಳನ್ನು ಇಲಾಖೆ ಓಡಿಸುತ್ತಿರುವುದರ ಗುಟ್ಟೂ ಈ ನಷ್ಟ ತುಂಬಿಕೊಳ್ಳುವುದೇ.

ವಾಟರ್ ಮೆಟ್ರೋ 2023ರ ಏಪ್ರಿಲ್‌ನಲ್ಲಿ ಶುರುವಾದದ್ದು. ನೂರು ಜನರ ಬ್ಯಾಟರಿ ಬೋಟು, ಎಸಿ, ಕನಿಷ್ಠ ದರ 20. ಬಳಸುವವರ ಕಣ್ಣಿಂದ ನೋಡಿದರೆ ಅದರ ದೊಡ್ಡ ಗುಣ ಎಸಿ ಅಲ್ಲ, ತೇಲುವ ಜೆಟ್ಟಿ. ಹಳೆಯ ಕಾಂಕ್ರೀಟ್ ಜೆಟ್ಟಿಯಲ್ಲಿ ಇಳಿತದ ಹೊತ್ತಿಗೆ ಬೋಟು ಕೆಳಗೆ ಕೂತಿರುತ್ತದೆ, ಮೊಣಕಾಲು ನೋವಿನವರಿಗೆ ಅದೊಂದು ಬಾವಿಗೆ ಇಳಿದಂತೆ. ಇಲ್ಲಿ ಜೆಟ್ಟಿಯೂ ಬೋಟಿನ ಜೊತೆಗೇ ಏರಿಳಿಯುತ್ತದೆ, ಗಾಲಿಕುರ್ಚಿ ತಳ್ಳಿಕೊಂಡೇ ಹೋಗಬಹುದು. ನೂರು ತಲೆ ಎಣಿಸಿದ ಮೇಲೆ ಗೇಟು ಮುಚ್ಚುವುದರಿಂದ ನೂಕುನುಗ್ಗಲು ಇಲ್ಲ.

ಹಣದ ಮಾತಿಗೆ ಬಂದರೆ, ಏಳೂವರೆ ಕೋಟಿಯ ಒಂದು ಬೋಟನ್ನು ಇಪ್ಪತ್ತು ವರ್ಷಕ್ಕೆ ಹಂಚಿದರೆ ಬಡ್ಡಿ ಬಿಟ್ಟೇ ದಿನಕ್ಕೆ ಹತ್ತು ಸಾವಿರ ಚಿಲ್ಲರೆ. ಇಪ್ಪತ್ತರ ಟಿಕೆಟ್ಟಿನಲ್ಲಿ ಬೋಟಿನ ಬೆಲೆಗೇ ದಿನಕ್ಕೆ 514 ಜನ ಬೇಕು. ಅದೂ ಎಲ್ಲರೂ ಪೂರ್ತಿ ದರ ಕೊಟ್ಟರೆ. ಶುರುವಿನಲ್ಲಿ ಪ್ರಕಟಿಸಿದ ಪಾಸು ನೋಡಿ: ವಾರದ್ದು 180ಕ್ಕೆ 12 ಟ್ರಿಪ್ಪು, ತಿಂಗಳದ್ದು 600ಕ್ಕೆ 50, ಮೂರು ತಿಂಗಳದ್ದು 1,500ಕ್ಕೆ 150. ಕೊನೆಯದರಲ್ಲಿ ಟ್ರಿಪ್ಪಿಗೆ ಹತ್ತೇ ರೂಪಾಯಿ. ದಿನವೂ ಹೋಗುವವರು ಪಾಸು ಮಾಡಿಸದೆ ಕೌಂಟರಿನಲ್ಲಿ ಇಪ್ಪತ್ತು ತೆರುವುದು ದಡ್ಡತನ. ಹಾಗೆ ನೋಡಿದರೆ ಮೆಟ್ರೋವನ್ನು ಸಾಕುತ್ತಿರುವವರು ಬಿಡಿ ಟಿಕೆಟ್ಟಿನ ಪ್ರವಾಸಿಗರು.

ಕೆಡುವುದು ಏನೇನು? ಮಳೆಗಾಲದಲ್ಲಿ ಹಿನ್ನೀರು ಸಿಹಿಯಾದಾಗ ಅಂತರಗಂಗೆ ಚಾಪೆ ಚಾಪೆಯಾಗಿ ತೇಲಿ ಬಂದು ಪ್ರೊಪೆಲ್ಲರಿಗೆ ಸುತ್ತಿಕೊಳ್ಳುತ್ತದೆ. ಹೊರಗಿನ ನೀರಿನಿಂದ ತಣ್ಣಗಾಗುವ ಡೀಸೆಲ್ ಎಂಜಿನ್ನಿನಲ್ಲಿ ನೀರೆಳೆಯುವ ಜಾಲರಿಯೂ ಕಟ್ಟಿ ಕಾವೇರುತ್ತದೆ. ಒಂದೆರಡು ಸಲ ರಿವರ್ಸ್ ಕೊಟ್ಟು ಕಳೆ ಉದುರಿಸುತ್ತಾರೆ, ಆಗದಿದ್ದರೆ ಟ್ರಿಪ್ಪು ಹೋಯಿತು. ಆ ದಿನಗಳಲ್ಲಿ ರೈಲು ಹಿಡಿಯುವವರು ಒಂದು ಬೋಟು ಮೊದಲೇ ಹೊರಡಿ. ಸೇತುವೆಯೂ ಒಂದು ಬಗೆಯ ಕೆಡುಕೇ, ಬೋಟಿನ ಲೆಕ್ಕಕ್ಕೆ ಮಾತ್ರ: ಸಿಗಂದೂರು ದಾರಿಯ ಅಂಬಾರಗೋಡ್ಲು–ಕಳಸವಳ್ಳಿ ನಡುವೆ 2025ರ ಜುಲೈ 14ರಂದು ಸೇತುವೆ ತೆರೆದ ಮೇಲೆ ಶರಾವತಿ ಹಿನ್ನೀರಿನ ಲಾಂಚಿಗಾಗಿ ಯಾರು ಸಾಲಿನಲ್ಲಿ ಕಾಯುತ್ತಾರೆ?

ಅಂಕ ಕೊಡುವುದಾದರೆ ಆದಿತ್ಯಕ್ಕೆ ಐದರಲ್ಲಿ ನಾಲ್ಕೂವರೆ, ವಾಟರ್ ಮೆಟ್ರೋಗೆ ನಾಲ್ಕು, ಡೀಸೆಲ್ ಬೋಟಿಗೆ ಮೂರು. ಆ ಮೂರೂ ಆರು ರೂಪಾಯಿಗಾಗಿ. ಮೆಟ್ರೋಗೆ ಒಂದು ಅಂಕ ಕಡಿದದ್ದು ಕಾಕ್ಕನಾಡ್ ಟರ್ಮಿನಲ್‌ಗಾಗಿ: ಬೋಟು ಇಳಿದರೆ ಐಟಿ ಕಂಪನಿಗಳಿರುವ ಇನ್ಫೋಪಾರ್ಕ್ ನಡೆಯುವಷ್ಟು ಹತ್ತಿರವಿಲ್ಲ, ಇನ್ನೊಂದು ಬಸ್ಸೋ ಆಟೋವೋ ಬೇಕು, ಆಟೋದವನು ಬೋಟಿಗಿಂತ ಹೆಚ್ಚು ಕೇಳುತ್ತಾನೆ. ಮಂಗಳೂರಿನಲ್ಲಿ ನೇತ್ರಾವತಿ, ಫಲ್ಗುಣಿಯ ಮೇಲೆ ವಾಟರ್ ಮೆಟ್ರೋ ಮಾಡುವ ಯೋಜನೆಯ ನಕ್ಷೆ ಕೈಗೆ ಸಿಕ್ಕವರು ಬೋಟಿನ ಚಿತ್ರ ಆಮೇಲೆ ನೋಡಿ. ಮೊದಲು ಸ್ಕೇಲ್ ಹಿಡಿದು ಪ್ರತಿ ಜೆಟ್ಟಿಯಿಂದ ಸಿಟಿ ಬಸ್ ಸ್ಟಾಪಿಗೆ ಎಷ್ಟು ಮೀಟರ್ ಎಂದು ಅಳೆಯಿರಿ.