ಆರು ಹೊತ್ತು, ಎರಡು ಹೊತ್ತು, ಮೂರು ಹೊತ್ತು: ಮೂರನ್ನೂ ಉಂಡು ನೋಡಿದೆ

ರಕ್ತ ಪರೀಕ್ಷೆಯಲ್ಲಿ ನನ್ನ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ 6.1 ಬಂತು. 5.7ರಿಂದ 6.4ರ ಒಳಗಿದ್ದರೆ ಶುಗರ್ ಇನ್ನೂ ಬಂದಿಲ್ಲ, ಬರುವ ಹಾದಿಯಲ್ಲಿದೆ ಅಂತ ಲೆಕ್ಕ. ಡಾಕ್ಟರು ಮಾತ್ರೆ ಬರೆಯಲಿಲ್ಲ. ತೂಕ ಇಳಿಸಿ, ಊಟ ಸರಿ ಮಾಡಿಕೊಳ್ಳಿ ಅಂದರು. ಸರಿ ಮಾಡೋದು ಅಂದ್ರೆ ಹೇಗೆ? ಡಯಟೀಷಿಯನ್ ಹೇಳಿದ್ದು, ಎರಡು-ಮೂರು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ತಿನ್ನಿ ಅಂತ. ಬೆಳಗಾವಿಯ ನಮ್ಮ ಭಾವನದು ಪೂರ್ತಿ ಉಲ್ಟಾ. ಅವರು ದಿನಕ್ಕೆ ಎರಡೇ ಹೊತ್ತು ಉಣ್ಣುವ ದೀಕ್ಷಿತ್ ಡಯಟ್ ಹಿಡಿದವರು. "ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ" ಅಂತ ಗಾದೆ ಬೇರೆ ಹೇಳಿದರು.

ಹಾಗಾಗಿ ಒಂದೊಂದನ್ನೂ ಕೆಲವು ವಾರ ಮಾಡಿ ನೋಡಿದೆ. ಎಚ್‌ಬಿಎ1ಸಿ ಸುಮಾರು ಮೂರು ತಿಂಗಳ ಸರಾಸರಿ ತೋರಿಸುತ್ತದೆ. ಅದರಿಂದ ಇಂಥ ಹೋಲಿಕೆ ಆಗುವುದಿಲ್ಲ. ಮನೆಯ ಗ್ಲುಕೋಮೀಟರಿನಲ್ಲಿ ಬೆಳಿಗ್ಗೆ ಖಾಲಿ ಹೊಟ್ಟೆಯದು, ಉಂಡ ಎರಡು ಗಂಟೆಗೆ ಇನ್ನೊಂದು ಬರೆದಿಟ್ಟೆ. ಶುರುವಿನಲ್ಲಿ ಖಾಲಿ ಹೊಟ್ಟೆಯ ಶುಗರ್ 110ರ ಆಸುಪಾಸು ಇರುತ್ತಿತ್ತು. ದಿನದ ಒಟ್ಟು ರೊಟ್ಟಿ, ಅನ್ನ, ಕಾಳು, ಸಂಜೆಯ ನಡಿಗೆ ಒಂದೇ ಇರಬೇಕು ಅಂತ ನಿಯಮ ಹಾಕಿಕೊಂಡೆ.

ಆರು ಹೊತ್ತಿನದು ಶುರುವಿಗೆ ಬಹಳ ಸುಖ. ಹಸಿವೇ ಇಲ್ಲ, ಹೊಟ್ಟೆ ಉರಿಯೂ ಇಲ್ಲ. ಆಫೀಸಿನ ಟೇಬಲ್ ಮೇಲೆ ಸ್ಟೀಲ್ ಡಬ್ಬಿಗಳ ಸಾಲು: ಒಂದರಲ್ಲಿ ಮೊಳಕೆ ಹೆಸರುಕಾಳು, ಒಂದರಲ್ಲಿ ಸೌತೆಕಾಯಿ, ಒಂದರಲ್ಲಿ ಶೇಂಗಾ ಹಾಕಿದ ಒಗ್ಗರಣೆ ಚುರುಮುರಿ. ತೊಂದರೆ ಆ ಕೊನೆಯ ಡಬ್ಬಿಯಲ್ಲೇ ಇತ್ತು. ಒಂದು ಮುಷ್ಟಿ ಅಂತ ಶುರುವಾದ ಚುರುಮುರಿ ಡಬ್ಬಿ ಖಾಲಿಯಾಗುವ ತನಕ ನಿಲ್ಲುವುದಿಲ್ಲ. ಪಕ್ಕದವರು ಚಹಾ ತರಿಸಿದರೆ "ಹೇಗೂ ತಿನ್ನೋ ಹೊತ್ತೇ ಅಲ್ವಾ" ಅಂತ ಅದೂ ಒಳಗೆ. ಒಟ್ಟು ಒಂದೇ ಇರಬೇಕೆಂಬ ನಿಯಮ ಮುರಿದದ್ದು ಇಲ್ಲಿಯೇ. ಉಂಡ ಮೇಲಿನ ಶುಗರ್ ಹೆಚ್ಚು ಏರಲಿಲ್ಲ ನಿಜ, ಆದರೆ ಬೆಳಗಿನದು ಇದ್ದಲ್ಲೇ ಇತ್ತು, ತೂಕವೂ ಅಷ್ಟೇ.

ಈ ಪದ್ಧತಿಗೆ ಬುಡವೇ ಇಲ್ಲ ಅಂತಲ್ಲ. 1989ರಲ್ಲಿ ಟೊರಾಂಟೊದಲ್ಲಿ ಏಳು ಜನರಿಗೆ ಅದೇ ಊಟವನ್ನು ಒಮ್ಮೆ ಮೂರು ಹೊತ್ತಾಗಿ, ಒಮ್ಮೆ 17 ತುಣುಕುಗಳಾಗಿ ಕೊಟ್ಟು ನೋಡಿದ್ದರು. ತುಣುಕು ಮಾಡಿದಾಗ ಕೆಟ್ಟ ಕೊಲೆಸ್ಟ್ರಾಲ್ ಇಳಿಯಿತು, ಇನ್ಸುಲಿನ್ನೂ ಇಳಿಯಿತು. ಆದರೆ ಅಲ್ಲಿ ಅಳತೆ ಪಕ್ಕಾ ಇತ್ತು. ಚುರುಮುರಿ ಡಬ್ಬಿ ಕೈಗೆ ಸಿಗುವ ಹಾಗಿರಲಿಲ್ಲ. ಇನ್ನು, ಆಗಾಗ ತಿಂದರೆ ಮೆಟಬಾಲಿಸಂ ಜೋರಾಗುತ್ತೆ ಅನ್ನೋದು ಸುಮ್ನೆ ಮಾತು. ಅರಗಿಸಲು ಖರ್ಚಾಗುವ ಶಕ್ತಿ ಏನು ತಿಂದಿರಿ, ಒಟ್ಟು ಎಷ್ಟು ತಿಂದಿರಿ ಅನ್ನುವುದರ ಮೇಲೆ ನಿಲ್ಲುತ್ತದೆ, ಎಷ್ಟು ಸಲ ಅನ್ನುವುದರ ಮೇಲಲ್ಲ.

ಎರಡು ಹೊತ್ತು ಕಷ್ಟದ್ದು. ಮಹಾರಾಷ್ಟ್ರದ ಡಾ. ಜಗನ್ನಾಥ ದೀಕ್ಷಿತರು ಹೇಳುವ ಕ್ರಮ ಸರಳ: ಚೆನ್ನಾಗಿ ಹಸಿಯುವ ಎರಡು ಹೊತ್ತು ಗುರುತಿಸಿಕೊಳ್ಳಿ, ಪ್ರತಿ ಊಟ 55 ನಿಮಿಷದೊಳಗೆ ಮುಗಿಸಿ, ನಡುವೆ ನೀರು, ತೆಳು ಮಜ್ಜಿಗೆ ಬಿಟ್ಟರೆ ಹೆಚ್ಚೇನಿಲ್ಲ. ನಾನು ಭಾವನ ಹಾಗೆ ಮಧ್ಯಾಹ್ನ ಒಂದಕ್ಕೆ, ರಾತ್ರಿ ಎಂಟೂವರೆಗೆ ಉಂಡೆ. ಮೊದಲ ವಾರ ಸಕ್ಕರೆ ಚಹಾ ಇಲ್ಲದೆ ತಲೆ ಸಿಡಿಯಿತು. ಅವ್ವ ದಿನಾ ಶುರು ಮಾಡುತ್ತಿದ್ದಳು, "ಇಷ್ಟೊತ್ತನಕ ಹಸಕೊಂಡಿದ್ರ ಪಿತ್ತ ಆಗತೈತಿ ನೋಡಪಾ" ಅಂತ. ಆಮೇಲೆ ಮೈ ಒಗ್ಗಿತು. ತೂಕ ಎಲ್ಲಕ್ಕಿಂತ ಜಾಸ್ತಿ ಇಳಿದದ್ದು ಇದರಲ್ಲೇ. ಆದರೆ ರಾತ್ರಿ ತಟ್ಟೆ ದೊಡ್ಡದಾಗುತ್ತಿತ್ತು. ಉಂಡ ಎರಡು ಗಂಟೆಗೆ 170 ದಾಟುತ್ತಿತ್ತು, ಬೆಳಿಗ್ಗೆಯೂ ಅಂದುಕೊಂಡಷ್ಟು ಇಳಿಯುತ್ತಿರಲಿಲ್ಲ.

ಎರಡು ಹೊತ್ತಿನ ಪರ ಮಾತಾಡುವವರು 2014ರ ಪ್ರಾಗ್ ಅಧ್ಯಯನವನ್ನು ಎತ್ತುತ್ತಾರೆ. ಟೈಪ್ 2 ಡಯಾಬಿಟಿಸ್ ಇದ್ದ 54 ಜನ, ಆರು ಹೊತ್ತು 12 ವಾರ, ಎರಡು ಹೊತ್ತು 12 ವಾರ, ಕ್ಯಾಲೊರಿ ಎರಡರಲ್ಲೂ ಒಂದೇ. ಗೆದ್ದದ್ದು ಎರಡು ಹೊತ್ತು: ತೂಕ, ಲಿವರಿನ ಕೊಬ್ಬು, ಖಾಲಿ ಹೊಟ್ಟೆಯ ಶುಗರ್ ಮೂರೂ ಹೆಚ್ಚು ಇಳಿದವು. ಆದರೆ ಆ ಎರಡು ಹೊತ್ತು ಯಾವುವು ಗೊತ್ತಾ? ಬೆಳಗಿನದು ಮತ್ತು ಮಧ್ಯಾಹ್ನದ್ದು. ರಾತ್ರಿ ಊಟವೇ ಇಲ್ಲ! ನಮ್ಮಲ್ಲಿ ಬಹಳ ಜನ ಬಿಡುವುದು ನಾಷ್ಟಾ, ಜಡಿಯುವುದು ರಾತ್ರಿ. ಹಾಗೆ ಮಾಡಿದರೆ ಏನು ಅನ್ನುವುದಕ್ಕೆ 2020ರಲ್ಲಿ ಬಂದ ಅಮೆರಿಕದ ಅಧ್ಯಯನ ನೋಡಬೇಕು. ಮಧ್ಯಾಹ್ನ 12ರಿಂದ ರಾತ್ರಿ 8ರೊಳಗೆ ಮಾತ್ರ ಉಂಡವರಿಗೂ ಮೂರು ಹೊತ್ತು ಉಂಡವರಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ.

ಇದನ್ನು ಓದಿದ ಮೇಲೆ ಮೂರನೆಯದು: ಎಂಟೂವರೆಗೆ ನಾಷ್ಟಾ, ಒಂದಕ್ಕೆ ಊಟ, ಸಂಜೆ ಏಳರೊಳಗೆ ಎರಡು ರೊಟ್ಟಿ, ಪಲ್ಯ. ನಡುವೆ ಏನೂ ಇಲ್ಲ. ಮದುವೆ ರಿಸೆಪ್ಷನ್‌ಗಳಲ್ಲಿ ಮಾತ್ರ ಪಜೀತಿ. ನಮ್ಮ ಓಣಿಯ ಜೈನರ ಮನೆಗಳಲ್ಲಿ ಹೊತ್ತು ಮುಳುಗಿದ ಮೇಲೆ ಉಣ್ಣುವುದೇ ಇಲ್ಲ, ಅವರಿಗಿದು ಹೊಸದಲ್ಲ. ರಾತ್ರಿ ಇನ್ಸುಲಿನ್ ಕೆಲಸ ಮಂದವಾಗುತ್ತದೆ. ಅದೇ ಅನ್ನ ರಾತ್ರಿ ಉಂಡರೆ ಶುಗರ್ ಜಾಸ್ತಿ ಏರುತ್ತದೆ. ಕೆಲವೇ ವಾರದಲ್ಲಿ ನನ್ನ ಬೆಳಗಿನ ಶುಗರ್ ಹೆಚ್ಚಿನ ದಿನ 100ರ ಕೆಳಗೆ ಬಂತು. ತೂಕ ನಿಧಾನವಾಗಿ ಇಳಿಯಿತು. ಗಾದೆಯ ಪ್ರಕಾರ ನಾನೀಗ ರೋಗಿಗಳ ಪೈಕಿ, ಇರಲಿ ಬಿಡಿ.

ಮೂರು ಹೊತ್ತಿಗೆ ನನ್ನ ವೋಟು. ಆದರೆ ಗೆದ್ದದ್ದು ಮೂರು ಅನ್ನುವ ಲೆಕ್ಕವಲ್ಲ, ಬೇಗ ಮುಗಿದ ರಾತ್ರಿ ಊಟ ಮತ್ತು ನಿಂತುಹೋದ ಕುರುಕಲು. ಬೆಳಿಗ್ಗೆ, ಮಧ್ಯಾಹ್ನ ಮಾತ್ರ ಉಂಡು ಇರಬಲ್ಲವರಿದ್ದರೆ ಅದು ಇನ್ನೂ ಒಳ್ಳೆಯದಿರಬಹುದು. ನನ್ನಿಂದಾಗದು.

ಅವ್ವನಿಗೆ ಮಾತ್ರ ಇದ್ಯಾವುದನ್ನೂ ಮಾಡು ಅಂತ ಹೇಳಿಲ್ಲ. ಅವಳು ಶುಗರ್ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ತಗೋತಾಳೆ. ಆ ಮಾತ್ರೆ ನುಂಗಿ ಊಟ ಬಿಟ್ಟರೆ ಶುಗರ್ 70ರ ಕೆಳಗೆ ಜಾರಿ ಬೆವರು, ನಡುಕ ಶುರುವಾಗಬಹುದು. ಇನ್ಸುಲಿನ್ ತಗೊಳ್ಳುವವರಿಗೂ ಅದೇ ಅಪಾಯ. ಅಂಥವರು ಡಾಕ್ಟರನ್ನು ಕೇಳಿ ಮಾತ್ರೆ, ಇಂಜೆಕ್ಷನ್ ಅಳತೆ ಬದಲಿಸಿಕೊಳ್ಳದೆ ಒಂದು ಹೊತ್ತನ್ನೂ ಬಿಡಬಾರದು.