ಕೆಲಸದ ಆಸೆಗೆ ವಿಸಿಟ್ ವೀಸಾ: ದುಬೈಗೆ ಹೊರಟವರು ಹಣ ಕೊಡುವ ಮೊದಲು ಓದಿ

ಸೀಬರ್ಡ್ ನೌಕಾನೆಲೆಗೆ ಮನೆ, ಜಮೀನು ಬಿಟ್ಟುಕೊಟ್ಟವರು ನಾವು. ಕಾರವಾರ, ಅಂಕೋಲಾ ಕಡೆ ನಮ್ಮನ್ನು ಇಂದಿಗೂ ‘ಸೀಬರ್ಡ್ ನಿರಾಶ್ರಿತರು’ ಎಂದೇ ಕರೆಯುತ್ತಾರೆ. ಆದರೆ ನನ್ನ ತಮ್ಮ 2023ರಲ್ಲಿ ದೇಶ ಬಿಟ್ಟದ್ದಕ್ಕೆ ಕಾರಣ ಅದಲ್ಲ. ಬೋಟಿನಲ್ಲಿ ದುಡಿಯುವವರಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ; ಆ ಮಳೆಗಾಲದಲ್ಲಿ ಮನೆ ರಿಪೇರಿಯ ಸಾಲವೂ ಮೈಮೇಲಿತ್ತು. ದುಬೈಯನ್ನೇ ಆರಿಸಿದ್ದು ಸಂಬಳ ವಿಚಾರಿಸಿ ಅಲ್ಲ, ಚಿಕ್ಕಮ್ಮನ ಮಗ ಅಲ್ಲಿದ್ದಾನೆ, ಕೊಂಕಣಿ ಮಾತಾಡುವವರು ಸಿಗುತ್ತಾರೆ ಎಂಬ ಧೈರ್ಯದಿಂದ. ಮನೆಗೆ ಬಂದ ಏಜೆಂಟ್ ಮೊದಲು ಕೇಳಿದ್ದೂ ಅದನ್ನೇ: "ಅಲ್ಲಿ ನಿಮ್ಮವರು ಯಾರಿದ್ದಾರೆ?"

ಅವನಿಗೆ 1,40,000 ರೂಪಾಯಿ ಕೊಡಲು ಆಯಿಯ ಬಳೆಗಳನ್ನು ಸೊಸೈಟಿಯಲ್ಲಿ ಅಡವಿಟ್ಟೆವು. ನೋಂದಾಯಿತ ಏಜೆಂಟರು 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಪಡೆಯುವಂತಿಲ್ಲವೆಂಬುದು ಆಮೇಲೆ ತಿಳಿಯಿತು. ರಶೀದಿ ಕೇಳಿದಾಗ "ನಂಬಿಕೆ ಇಲ್ವಾ ಮಾಸ್ತರೇ" ಎಂದು ನಕ್ಕ. ನಾನು ಸಂಕೋಚಪಟ್ಟು ಸುಮ್ಮನಾದೆ.

ಹೊರಡುವ ಹಿಂದಿನ ರಾತ್ರಿ ವಾಟ್ಸಾಪ್‌ನಲ್ಲಿ ಬಂದ ವೀಸಾದಲ್ಲಿ ‘ಟೂರಿಸ್ಟ್, 60 ದಿನ’ ಎಂದಿತ್ತು. ಓದಿದವನು ನಾನೇ, ತಡೆಯದವನೂ ನಾನೇ. ಅಲ್ಲಿ ಹೋದ ಮೇಲೆ ಬದಲಾಯಿಸುತ್ತಾರೆ, ಗೋವಾ ವಿಮಾನ ನಿಲ್ದಾಣದಲ್ಲಿ ಕೇಳಿದರೆ ಅಣ್ಣನನ್ನು ನೋಡಲು ಹೋಗುತ್ತಿದ್ದೇನೆ ಎನ್ನಬೇಕು ಎಂದ ಏಜೆಂಟ್. ಈ ಸುಳ್ಳಿಗೆ ಅರ್ಥವಿದೆ. ಹತ್ತನೆಯ ತರಗತಿ ಮುಗಿಸದ ನನ್ನ ತಮ್ಮನದು ಇಸಿಆರ್, ಅಂದರೆ ‘ವಲಸೆ ತಪಾಸಣೆ ಅಗತ್ಯ’ ಎಂಬ ವರ್ಗದ ಪಾಸ್‌ಪೋರ್ಟ್. ಅಂಥವರು ಯುಎಇಗೆ ಕೂಲಿ ಕೆಲಸಕ್ಕೆ ಹೋಗುವುದಾದರೆ ಕೇಂದ್ರ ಸರ್ಕಾರದ ವಲಸೆ ಸಂರಕ್ಷಣಾಧಿಕಾರಿಯ ಅನುಮತಿ ಬೇಕು, ಆಗ ಸಂಬಳದ ಒಪ್ಪಂದವೂ ವಿಮೆಯೂ ದಾಖಲಾಗುತ್ತವೆ. ಪ್ರವಾಸಿಗೆ ಇವ್ಯಾವುದೂ ಇಲ್ಲ.

ದುಬೈ ಪಕ್ಕದ ಶಾರ್ಜಾದಲ್ಲಿ ಹನ್ನೊಂದು ಜನರಿಗೆ ಒಂದೇ ಕೋಣೆ, ಮೇಲಿನ ಮಂಚದಲ್ಲಿ ಎದ್ದು ಕೂತರೆ ತಲೆ ಎಸಿ ಪೈಪಿಗೆ ತಾಗುತ್ತಿತ್ತಂತೆ. ಗುತ್ತಿಗೆದಾರ ಪಾಸ್‌ಪೋರ್ಟ್ ಇಟ್ಟುಕೊಂಡ, ಎರಡು ತಿಂಗಳ ಕೂಲಿ ಕೊಡಲಿಲ್ಲ. ವೀಸಾ ಮುಗಿದ ದಿನದಿಂದ ದಿನಕ್ಕೆ 50 ದಿರ್ಹಮ್ ದಂಡ ಏರತೊಡಗಿತು. ದೂರು ಕೊಡಹೋದರೆ ತಾನೇ ಸಿಕ್ಕಿಬೀಳುವ ಭಯ, ಊರಿಗೆ ಬರೋಣವೆಂದರೆ ಸಾಲ. ‘ಅಕ್ರಮವಾಗಿ ಉಳಿದವನು’ ಎಂಬ ಪಟ್ಟ ಅವನಿಗೆ ಬಂದದ್ದು ಹೀಗೆ. 2024ರ ಸೆಪ್ಟೆಂಬರ್ 1ರಿಂದ ಅಲ್ಲಿನ ಸರ್ಕಾರ ಕ್ಷಮಾದಾನ ಘೋಷಿಸಿ ದಂಡ ಮನ್ನಾ ಮಾಡಿದ್ದರಿಂದ ಔಟ್‌ಪಾಸ್ (ದೇಶ ಬಿಟ್ಟು ಹೊರಡಲು ಕೊಡುವ ಪತ್ರ) ಪಡೆದು ಮರಳಿದ. ಬಳೆಗಳು ಇನ್ನೂ ಸೊಸೈಟಿಯಲ್ಲೇ ಇವೆ.

ಹಣ ಕೊಡುವ ಮೊದಲು ಏಜೆಂಟನ ನೋಂದಣಿ ಸಂಖ್ಯೆಯನ್ನು ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ದಯವಿಟ್ಟು ಹುಡುಕಿ ನೋಡಿ. ಅಲ್ಲಿ ಹೆಸರಿಲ್ಲದಿದ್ದರೆ ಮುಂಗಡವಾಗಿ ಒಂದು ರೂಪಾಯಿಯನ್ನೂ ಕೊಡಬೇಡಿ. ನಮ್ಮ ಮನೆಗೆ ಬಂದವನು ಈಗ ಕುಮಟಾ, ಹೊನ್ನಾವರದ ಕಡೆ ತಿರುಗುತ್ತಿದ್ದಾನೆಂದು ಕೇಳಿದ್ದೇನೆ.