ನಾಲ್ಕು ವರ್ಷ ಮ್ಯಾಪ್‌ಟೂಲ್ ಬಳಸಿದ ಮೇಲೆ: ಸಾಫ್ಟ್‌ವೇರ್ ಉಚಿತ, ಒಳಗಿರೋ ಮ್ಯಾಪ್ ಯಾರದು?

ನಾಲ್ಕು ವರ್ಷದಿಂದ ಪ್ರತಿ ಶನಿವಾರ ರಾತ್ರಿ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ನಡೆಸುವ ನಮ್ಮ ಆಟ ಮ್ಯಾಪ್‌ಟೂಲ್‌ನಲ್ಲೇ ನಡೆಯುತ್ತಿದೆ. ದೂರ ದೂರ ಇರುವವರು ಕಥೆ ನಡೆಯುವ ಜಾಗದ ಒಂದೇ ಮ್ಯಾಪ್ ನೋಡುತ್ತಾ ಆಡಲು ಇರುವ ಸಾಫ್ಟ್‌ವೇರ್ ಇದು. ನಾನು ಮೈಸೂರಿನಲ್ಲಿ, ಇಬ್ಬರು ಬೆಂಗಳೂರಿನಲ್ಲಿ, ಒಬ್ಬಳು ಟೊರಾಂಟೊದಲ್ಲಿ. ಇದರಲ್ಲಿ ಏನೇನು ಸೌಲಭ್ಯ ಇದೆ ಅಂತ ಪಟ್ಟಿ ಮಾಡುವುದಿಲ್ಲ, ಅದನ್ನೆಲ್ಲ ನೀವು ನೋಡಿರುತ್ತೀರಿ. ಲೈಸೆನ್ಸ್ ವಿಷಯ ಮಾತ್ರ ಬರೆಯಬೇಕು ಅನಿಸಿತು, ಯಾಕಂದರೆ ಹೋದ ತಿಂಗಳು ಅದೇ ನನ್ನ ನಿದ್ದೆ ಕೆಡಿಸಿತು.

ಮೊದಲು ನಾವು ಬೇರೆ ಒಂದು ಸೈಟಿನಲ್ಲಿ ಆಡುತ್ತಿದ್ದೆವು. ಅಲ್ಲಿ 1,800 ರೂಪಾಯಿ ಕೊಟ್ಟು ಒಂದು ಸಾಹಸ ಕಥೆ ಕೊಂಡಿದ್ದೆ. ಸೈಟ್ ಬಿಡುವಾಗ ಗೊತ್ತಾಯಿತು, ಅದರ ಮ್ಯಾಪ್‌ಗಳನ್ನು ಅಲ್ಲೇ ಕೂತು ನೋಡಬಹುದು, ಇಳಿಸಿಕೊಳ್ಳುವ ಹಾಗಿಲ್ಲ. ದುಡ್ಡು ನನ್ನದು, ಬೀಗದ ಕೈ ಅವರ ಹತ್ತಿರ. ಆಮೇಲೆ ಮ್ಯಾಪ್‌ಟೂಲ್‌ಗೆ ಬಂದೆ. ಓಪನ್ ಸೋರ್ಸ್, ತಿಂಗಳ ಚಂದಾ ಇಲ್ಲ, ಸರ್ವರ್ ನಮ್ಮ ಮನೆಯ ಕಂಪ್ಯೂಟರ್‌ನಲ್ಲೇ ಓಡುತ್ತದೆ.

ಇದರ ಲೈಸೆನ್ಸ್ ಎಜಿಪಿಎಲ್ 3. ಕೋಡನ್ನು ಬದಲಾಯಿಸಿ ಬೇರೆಯವರಿಗೆ ಕೊಟ್ಟರೆ, ಅಥವಾ ನೆಟ್‌ವರ್ಕ್ ಮೂಲಕ ಬಳಸಲು ಬಿಟ್ಟರೆ, ಆ ಬದಲಾದ ಕೋಡನ್ನೂ ಅವರಿಗೆ ಕೊಡಬೇಕು. ಅಷ್ಟೇ. ಸಾಫ್ಟ್‌ವೇರ್ ಉಚಿತ ಅಂದಮಾತ್ರಕ್ಕೆ ಅದರೊಳಗೆ ಹಾಕಿದ ಚಿತ್ರ, ಕಥೆ ಎಲ್ಲ ಹಂಚಬಹುದು ಅಂತ ನಮ್ಮ ಗುಂಪಿನಲ್ಲೇ ಇಬ್ಬರು ನಂಬಿದ್ದರು. ಹಾಗಲ್ಲ. ಕೋಡಿನ ಲೈಸೆನ್ಸ್ ಬೇರೆ, ಒಳಗಿನ ಸಾಮಗ್ರಿಯದ್ದು ಬೇರೆ.

ಆಟದ ನಿಯಮಗಳ ವಿಷಯದಲ್ಲಿ ಚಿಂತೆ ಕಡಿಮೆ. ಆ ನಿಯಮಗಳನ್ನು ಬೇರೆಯವರೂ ಬಳಸಲು ಬಿಡುತ್ತಿದ್ದ, 2000ರಿಂದ ಇದ್ದ ಓಪನ್ ಗೇಮ್ ಲೈಸೆನ್ಸನ್ನು ಕಂಪನಿ ಬದಲಾಯಿಸಲು ಹೋಗಿ ಗಲಾಟೆ ಆದ ಮೇಲೆ, 2023ರ ಜನವರಿ 27ರಂದು ಡಂಜನ್ಸ್ ಅಂಡ್ ಡ್ರಾಗನ್ಸ್ ಆಟದ ಮೂಲ ನಿಯಮಗಳ ಸಂಗ್ರಹ, ಅಂದರೆ ಎಸ್‌ಆರ್‌ಡಿ 5.1, ಕ್ರಿಯೇಟಿವ್ ಕಾಮನ್ಸ್ ಬಿವೈ 4.0 ಅಡಿ ಬಂತು. ಮೂಲದ ಹೆಸರು ಹಾಕಿದರೆ ಸಾಕು, ಯಾರು ಬೇಕಾದರೂ ಬಳಸಬಹುದು. ಆದರೆ ಅದರಲ್ಲಿರುವ ಫೀಟ್, ಅಂದರೆ ಪಾತ್ರದ ವಿಶೇಷ ಸಾಮರ್ಥ್ಯ, ಒಂದೇ, ಗ್ರಾಪ್ಲರ್. ಬ್ಯಾಕ್‌ಗ್ರೌಂಡೂ, ಅಂದರೆ ಪಾತ್ರದ ಹಿನ್ನೆಲೆಯೂ, ಒಂದೇ, ಅಕೊಲೈಟ್. ಉಳಿದದ್ದು ಬೇಕಂದರೆ ಪುಸ್ತಕ ಕೊಂಡು ನಾವೇ ಟೈಪ್ ಮಾಡಿಕೊಳ್ಳಬೇಕು. ನಾನು ಮಾಡಿಕೊಳ್ಳುತ್ತೇನೆ.

ನನಗೆ ಇಷ್ಟವಾದದ್ದು ಶುಕ್ರವಾರ ರಾತ್ರಿಯ ಕೆಲಸ. ಊಟ ಆಗಿ ಮಗಳು ಮಲಗಿದ ಮೇಲೆ ಹೊಸ ಮ್ಯಾಪ್ ತೆರೆದು, ಗ್ರಿಡ್ಡನ್ನು ಚಿತ್ರದ ಚೌಕಗಳಿಗೆ ಕೂರಿಸಿ, ಒಂದೊಂದೇ ಗೋಡೆಯ ಮೇಲೆ ದೃಷ್ಟಿ ತಡೆಯುವ ಗೆರೆ ಎಳೆಯುತ್ತಾ ಹೋಗುತ್ತೇನೆ. ಮೂಲೆಗೆ ಬಂದಾಗ ಕ್ಲಿಕ್, ಬಾಗಿಲು ಬಂದಾಗ ಸ್ವಲ್ಪ ಜಾಗ ಬಿಡುವುದು, ಕಂಬ ಇದ್ದರೆ ಸುತ್ತ ಚೌಕ. ಕೊನೆಗೆ ಒಂದು ಟೋಕನ್‌ಗೆ, ಅಂದರೆ ಪಾತ್ರವನ್ನು ತೋರಿಸುವ ಬಿಲ್ಲೆಗೆ, ದೀವಟಿಗೆ ಕೊಟ್ಟು ಓಣಿಯಲ್ಲಿ ನಡೆಸಿದರೆ ಬೆಳಕು ಗೋಡೆಗೆ ತಾಗಿ ನಿಲ್ಲುತ್ತದೆ, ಬಾಗಿಲ ಸಂದಿಯಿಂದ ಮಾತ್ರ ಒಳಗೆ ಬೀಳುತ್ತದೆ. ಇಷ್ಟು ಹೊತ್ತಿಗೆ ಆ ಮನೆಯ ಮೂಲೆ ಮೂಲೆಯೂ ನನಗೆ ಬಾಯಿಪಾಠ.

ಹೋದ ತಿಂಗಳು ಬಾಮೈದ ಫೋನ್ ಮಾಡಿದ. "ಭಾವ, ನಿಮ್ಮ ಕ್ಯಾಂಪೇನ್ ಫೈಲ್ ಕಳಿಸ್ಬಿಡಿ, ಇಲ್ಲಿ ನಮ್ಮ ಹುಡುಗರ ಜೊತೆ ಆಡ್ತೀನಿ." ಕಳಿಸಲು ಹೋಗಿ ಕೈ ನಿಂತಿತು. ಆಟದ ಮ್ಯಾಪ್, ಟೋಕನ್ ಎಲ್ಲ ಸೇರಿಸಿ ಇಡುವ ಈ ಕ್ಯಾಂಪೇನ್ ಫೈಲ್ ಅಂದರೆ ನಿಜಕ್ಕೂ ಒಂದು ಜಿಪ್ ಫೈಲ್. ಬಿಚ್ಚಿ ನೋಡಿದೆ. ನಾನು ಬರೆದ ಐದು ಮ್ಯಾಪ್, ದುಡ್ಡು ಕೊಟ್ಟ ಒಂಬತ್ತು, ಎಲ್ಲ ಒಂದೇ ಫೋಲ್ಡರ್‌ನಲ್ಲಿ, ಉದ್ದುದ್ದ ಅಂಕಿ ಅಕ್ಷರದ ಹೆಸರಿನಲ್ಲಿ ಬಿದ್ದಿವೆ. ಯಾವುದು ಯಾರದು, ಹಂಚಬಹುದಾ ಇಲ್ವಾ ಅಂತ ತಿಳಿಯುವ ದಾರಿಯೇ ಇಲ್ಲ. ಮ್ಯಾಪ್‌ಟೂಲ್‌ಗೆ ಸೇರಿಸಿಕೊಳ್ಳುವ ಹೆಚ್ಚುವರಿ ಸಾಮಗ್ರಿ, ಅಂದರೆ ಆಡ್-ಆನ್ ಲೈಬ್ರರಿ, ಮಾಡುವವರಿಗೆ ಮಾಹಿತಿ ಫೈಲ್‌ನಲ್ಲಿ ಲೈಸೆನ್ಸ್ ಅಂತಲೇ ಒಂದು ಸಾಲು ಇದೆ. ಮ್ಯಾಪ್ ಚಿತ್ರಕ್ಕೆ ಅಂಥ ಸಾಲು ಬೇಕೇ ಬೇಕು, ಅಲ್ವಾ? ಒಂದು ಮ್ಯಾಪ್ ಬರೆಯಲು ಚಿತ್ರಕಾರರಿಗೆ ದಿನಗಟ್ಟಲೆ ಹಿಡಿಯುತ್ತದೆ, ಅದನ್ನು 150 ರೂಪಾಯಿಗೆ ಮಾರಿ ಬದುಕುತ್ತಾರೆ. ನನ್ನ ಫೈಲ್ ಕೈಯಿಂದ ಕೈಗೆ ಹೋದರೆ ಅವರ ಹೊಟ್ಟೆಗೆ ಏಟು.

ಹಳೆಯ ಬಿಲ್ ಹುಡುಕಲು ಎರಡು ರಾತ್ರಿ ಹಿಡಿಯಿತು. ಒಂದು ಅಂಗಡಿಯಂತೂ ಮುಚ್ಚಿಯೇ ಹೋಗಿತ್ತು, ಆದರೆ ಚಿತ್ರ ನನ್ನ ಹತ್ತಿರ ಹಾಗೇ ಇದೆ, ಆಟ ನಿಂತಿಲ್ಲ. ಅದನ್ನು ನೋಡಿದಾಗ ಸಿಟ್ಟು ಅರ್ಧ ಇಳಿಯಿತು. ಆಟಗಾರರು ಸೇರಿಕೊಂಡಾಗ ಅವರ ಕಂಪ್ಯೂಟರ್‌ಗೂ ಚಿತ್ರದ ಪ್ರತಿ ಹೋಗುತ್ತದೆ, ಅದು ಸರಿಯಾ ಅಂತ ಒಬ್ಬ ಚಿತ್ರಕಾರರಿಗೆ ಬರೆದು ಕೇಳಿದೆ. ನಿಮ್ಮ ಜೊತೆ ಆಡುವವರಿಗೆ ಧಾರಾಳವಾಗಿ ತೋರಿಸಿ, ಬೇರೆ ಗುಂಪಿನವರು ಕೊಂಡುಕೊಳ್ಳಲಿ ಅಂದರು.

ಈಗ ನಾನೇ ಒಂದು ದಾರಿ ಮಾಡಿಕೊಂಡಿದ್ದೇನೆ. ಪ್ರತಿ ಮ್ಯಾಪ್‌ನ ಎಡ ಮೂಲೆಯಲ್ಲಿ, ಆಟಗಾರರಿಗೆ ಕಾಣದ ಹಿಡನ್ ಲೇಯರ್‌ನಲ್ಲಿ, ಒಂದು ಸಣ್ಣ ಟೋಕನ್ ಇಡುತ್ತೇನೆ. ಅದರ ಜಿಎಂ ನೋಟ್ಸ್‌ನಲ್ಲಿ, ಅಂದರೆ ಆಟ ನಡೆಸುವವರ ಟಿಪ್ಪಣಿಯಲ್ಲಿ, ಮ್ಯಾಪ್ ಬರೆದವರು ಯಾರು, ಎಂದು ಕೊಂಡದ್ದು, ಎಷ್ಟು ಕೊಟ್ಟೆ, ಏನು ಮಾಡಬಹುದು ಅಂತ ನಾಲ್ಕು ಸಾಲು. ತಿಂಗಳಿಗೆ 400 ರೂಪಾಯಿ ನನ್ನ ಮಿತಿ. ಚಿತ್ರವನ್ನು ಫೈಲ್ ಆಗಿಯೇ ಕೊಟ್ಟು, ಲೈಸೆನ್ಸನ್ನು ಅರ್ಥ ಆಗುವ ಹಾಗೆ ಬರೆದವರ ಹತ್ತಿರ ಮಾತ್ರ ಅದನ್ನು ಖರ್ಚು ಮಾಡುತ್ತೇನೆ.

ಬಾಮೈದನಿಗೆ ನನ್ನ ಐದು ಮ್ಯಾಪ್ ಇರುವ ಫೈಲ್ ಹೋಯಿತು, ಸಿಗುವ ಎಂಟರ ಲಿಂಕ್ ಜೊತೆಗೆ. ಅವನು ನಾಲ್ಕು ಕೊಂಡಿದ್ದಾನೆ. ಉಳಿದ ಕಡೆ ಖಾಲಿ ಗ್ರಿಡ್ ಮೇಲೆ ತಾನೇ ಗೋಡೆ ಬರೆಯುತ್ತಿದ್ದಾನಂತೆ, ಅದನ್ನು ನನಗೂ ಕಳಿಸುತ್ತಾನಂತೆ.